ಏಳುನೂರು ಕೆಜಿ ಗೂಡು

ಶಿಡ್ಲಘಟ್ಟದ ಮಾರ್ಕೆಟ್ಟು. ಹರಾಜು ಮುಗಿದ ಮೇಲೆ
ಲಾಟಿನ ಚೀಟಿ ಹಿಂದೆ ಲೆಕ್ಕ ಹಾಕಿದೆ:
ಗೂಡಿಗೊಂದು ಕಿಲೋಮೀಟರು ಎಳೆ,
ಏಳುನೂರು ಕೆಜಿ ಬಿಚ್ಚಿದರೆ
ಚಂದ್ರ.

"ಇಷ್ಟೇನಾ? ಐದಾರು ಲಾಟು" ಅಂದ ಇನಾಯತ್.

"ಎಳೆ ತಡೆಯಲ್ಲ, ಚಂದ್ರ ನಿಲ್ಲಲ್ಲ"
ಚೌಡರೆಡ್ಡಿ ಮೇಷ್ಟ್ರ ತಕರಾರು.
"ಕತೇಲಿ ತಡೆಯತ್ತೆ ಸಾರ್."
ಆಮೇಲೆ ನಾಲ್ವರು ಹೋಗಿಬರುವ ನೌಕೆ,
ಇಳಿಯುವಾಗ ಮೈಗೆ ಹತ್ತುವ ಬೆಂಕಿ, ಕವಚದ ದಪ್ಪ,
ಬೆಳಕಿಗಿಂತ ಬೇಗ ಹೋದರೆ
ನಿನ್ನೆಗೇ ತಲುಪುತ್ತೀವಾ ಅನ್ನೋ ಜಗಳ.
ಟೀ ಆರಿತು.

ಬಾಣಲೆ ಕೆಲಸ ಮುಗಿಸಿ ಬಂದ ಶಮೀಮ್
ಬೆಂದ ಬೆರಳು ಊದಿಕೊಳ್ಳುತ್ತ ಕೇಳಿದಳು:
"ಗೂಡು ವಾಪಸ್ ಬರತ್ತೆ, ಸರಿ.
ಒಳಗಿರೋರು?"

ಮೇಷ್ಟ್ರು ಕವಚದ ದಪ್ಪ
ಮತ್ತೆ ಮೊದಲಿಂದ ಹೇಳತೊಡಗಿದರು,
ಈ ಸಲ
ಅವಳ ಬೆರಳು ನೋಡುತ್ತ.