ಷರಾ

ಮಿಟ್ಟೇಮರಿ ದಾಟಿ, ಎರಡು ಬಂಡೆಗುಡ್ಡ ಬಳಸಿ
ಬಸ್ಸಿಳಿದಾಗ ಹತ್ತೂವರೆ.
ಚೀಲದಲ್ಲಿ ಹದಿನಾಲ್ಕು ಪುಟದ ನಮೂನೆ,
ಅಳತೆ ಟೇಪು, ಎರಡು ಬಾಳೆಹಣ್ಣು,
ಹೋದ ವರ್ಷದ ವರದಿ, ನನ್ನದೇ ಸಹಿ:
'ಸಮನ್ವಯ ಶಿಕ್ಷಣದ ಅನುಷ್ಠಾನ ತೃಪ್ತಿಕರ.
ನೂರಕ್ಕೆ ಎಂಬತ್ತೆರಡು.'

ಪ್ರಶ್ನೆ ಒಂದು. ಇಳಿಜಾರು ಹಾದಿ ಇದೆಯೇ?
ಇದೆ.
ಅದರ ಮೇಲೆ ಹುಣಸೆಹಣ್ಣು ಒಣಗುತ್ತಿದೆ.
ಹೆಡ್ಮಾಸ್ಟರು ಚೌಡರೆಡ್ಡಿ ಓಡಿಬಂದು
ಗೋಣಿ ಮಡಚುತ್ತಾ, "ಇವತ್ತೊಂದು ದಿನ ಮೇಡಂ,
ಬಿಸಿಯೂಟದ ಸಾರಿಗೆ."
ಟೇಪು ಹಿಡಿದೆ. ಅಗಲ ಸರಿ. ಕಂಬಿ ಸರಿ.
ಏರು ಹನ್ನೆರಡಕ್ಕೊಂದು,
ಕಟ್ಟಿದವನ ಕೈಗೆ ಕಡಗ ತೊಡಿಸಬೇಕು.
ತುದಿಯಲ್ಲಿ ಮಾತ್ರ
ಬಾಗಿಲಿಗೊಂದು ಹೊಸ್ತಿಲು.
ಒಂದು ಗೇಣು.

ಆ ಗೇಣನ್ನು ಕೇಳುವ ಪ್ರಶ್ನೆ
ಹದಿನಾಲ್ಕು ಪುಟದಲ್ಲೂ ಇಲ್ಲ.

ಪ್ರಶ್ನೆ ಏಳು. ಶೌಚಾಲಯ.
ಇದೆ. ಬಾಗಿಲ ಮೇಲೆ ನೀಲಿಯಲ್ಲಿ ಗಾಲಿಕುರ್ಚಿಯ ಚಿತ್ರ.
ಬೀಗವೂ ಇದೆ.
ಬೀಗದ ಕೈ ಬೀರುವಿನಲ್ಲಿ,
ಬೀರುವಿನ ಕೈ ರಜೆ ಹಾಕಿದ ಮೇಷ್ಟರ ಜೇಬಿನಲ್ಲಿ.
"ಹಾಳಾಗಬಾರದಲ್ಲ ಮೇಡಂ."
ಕಿಟಕಿಯಲ್ಲಿ ಇಣುಕಿದೆ. ಹಾಳಾಗಿಲ್ಲ.
ಟೈಲ್ಸಿನ ಮೇಲೆ ಅಂಗಡಿಯ ಚೀಟಿ
ಇನ್ನೂ ಅಂಟಿಕೊಂಡಿದೆ.

ಪ್ರಶ್ನೆ ಹನ್ನೊಂದು. ನಿಧಾನ ಕಲಿಕೆಯವರ ಪಟ್ಟಿ.
ಐದು ಹೆಸರು. ಮುನಿಕೃಷ್ಣ, ಮೂರನೇ ತರಗತಿ:
'ಕೇಳಿದರೆ ಉತ್ತರಿಸುವುದಿಲ್ಲ. ಕಳೆಯುವ ಲೆಕ್ಕ ಬಾರದು.'
ಅವನ ಪಕ್ಕ ನೆಲಕ್ಕೆ ಕೂತು
ನನ್ನ ಅಜ್ಜಿಯ ಬಾಯಿಂದ ಉಳಿದ ತೆಲುಗಿನಲ್ಲಿ
"ಮೀಕು ಎನ್ನಿ ಮೇಕಲುಂಡಾಯಿರಾ?" ಅಂದೆ.
ಇಪ್ಪತ್ತೊಂದು ಇದ್ದವಂತೆ. ಸಂಕ್ರಾಂತಿಗೆ ನಾಲ್ಕು ಮಾರಿದರಂತೆ.
ಉಳಿದ ಹದಿನೇಳನ್ನೂ ಹೆಸರು ಹಿಡಿದು ಕರೆದ,
ಯಾವುದು ಗಬ್ಬ, ಯಾವುದು ಹಾಯುತ್ತೆ,
ಯಾವುದಕ್ಕೆ ಅವನನ್ನು ಕಂಡರೆ ಮಾತ್ರ ಹಾಲಿಳಿಯುತ್ತೆ.
ಪಟ್ಟಿ ಹಿಡಿದಿದ್ದ ಟೀಚರು
ದೊಡ್ಡಬಳ್ಳಾಪುರದವರು, ಬಂದು ಎಂಟು ತಿಂಗಳು.
ಕಿಟಕಿಯಾಚೆ ನೋಡಿದರು. ನಾನೂ ನೋಡಿದೆ.
ಹೋದ ವರ್ಷ ಇದೇ ಪಟ್ಟಿಗೆ
ಎಣಿಸಿ, ಸರಿಯಾಗಿದೆ ಎಂದವಳು ನಾನು.

ಊಟದ ಗಂಟೆ.
ನಾಲ್ಕು ಹುಡುಗರು, ಯಾರೂ ಹೇಳದೆ,
ಇಲಿಯಾಸನ ಗಾಲಿಕುರ್ಚಿಯ ನಾಲ್ಕು ಮೂಲೆ ಹಿಡಿದು
ತುಂಬಿದ ಹಂಡೆಯ ಹಾಗೆ ಹೊಸ್ತಿಲು ದಾಟಿಸಿದರು.
ಅವನ ಮಡಿಲಲ್ಲಿ ಎಲ್ಲರ ತಟ್ಟೆ.
ಮಾತು ನಿಲ್ಲಲಿಲ್ಲ, ಕ್ರಿಕೆಟ್ಟಿನದೇನೋ ಜಗಳ.

ಪ್ರಶ್ನೆ ಇಪ್ಪತ್ಮೂರು. ಸಹಪಾಠಿಗಳ ಸಹಕಾರ: ಇದೆ / ಇಲ್ಲ.
'ಇದೆ' ಎಂದು ಬರೆದರೆ
ಆ ಹೊಸ್ತಿಲು ಇನ್ನು ಹತ್ತು ವರ್ಷ ಅಲ್ಲೇ ಇರುತ್ತದೆ.
'ಇಲ್ಲ' ಎಂದು ಬರೆಯಲು
ಈ ಕೈ ಬರುವುದಿಲ್ಲ.
ಇಲಿಯಾಸನನ್ನೇ ಕೇಳಿದೆ.
"ಅವರೆಲ್ಲ ಆಟಕ್ಕೆ ಹೋದಾಗ
ನಾನು ಒಳಗೇ ಇರ್ತೀನಿ ಮಿಸ್" ಅಂದ,
ಅನ್ನ ಕಲಸುತ್ತಾ, ದೂರಿನ ದನಿಯಿಲ್ಲದೆ.

ಕೊನೆಯ ಬೆಂಚು. ಮೌನಿಕ.
ಹೆಸರಿಟ್ಟಾಗ ಮನೆಯವರಿಗೆ ಗೊತ್ತಿರಲಿಲ್ಲ.
ಕಿವಿಯ ಮಷೀನು ಕೊಟ್ಟ ದಿನಾಂಕ ದಾಖಲೆಯಲ್ಲಿದೆ,
ಬ್ಯಾಟರಿ ಸತ್ತ ದಿನಾಂಕ ಇಲ್ಲ.
ಪಕ್ಕದ ಷಾಜಿಯಾ ಅವಳಿಗೆ ಪಾಠ, ಗಂಟೆ, ಸುದ್ದಿ ಎಲ್ಲ.
ಇಬ್ಬರೇ ಕಟ್ಟಿಕೊಂಡ ಸನ್ನೆಗಳು:
ಕೆನ್ನೆಗೆ ಬೆರಳಿಟ್ಟರೆ ಮಚ್ಚೆಯಿರುವ ಟೀಚರು,
ಹೊಟ್ಟೆ ಮುಂದೆ ಮಾಡಿದರೆ ಹೆಡ್ಮಾಸ್ಟರು,
ಉಪ್ಪು ಕಮ್ಮಿಯಾದ ದಿನಕ್ಕೂ ಒಂದಿದೆ.
"ನಾನು?" ಎಂದು ಕೇಳಿದೆ, ಸುಮ್ಮನೆ, ತಮಾಷೆಗೆ.
ಷಾಜಿಯಾ ನಾಚಿ ತಲೆ ತಗ್ಗಿಸಿದಳು.
ಮೌನಿಕ ತಡಮಾಡಲಿಲ್ಲ.
ಗಾಳಿಯಲ್ಲಿ ಬೆರಳಾಡಿಸಿ ಒಂದು ಟಿಕ್ ಹಾಕಿದಳು,
ಅದರ ಕೆಳಗೆ ಇನ್ನೊಂದು, ಇನ್ನೊಂದು,
ಮುಖ ಎತ್ತದೆ, ಸರಸರ,
ಥೇಟು ನಾನೇ.

ಹೋದ ವರ್ಷದಿಂದ ಅದು ನನ್ನ ಹೆಸರು.

ನಾಲ್ಕರ ಬಸ್ಸಿಗೆ ಮುಂಚೆ ಷರಾ ಕಲಂ.
ಎರಡೇ ಗೆರೆ ಬಿಟ್ಟಿದ್ದಾರೆ.
ಮೊದಲ ಗೆರೆಯಲ್ಲಿ 'ಒಂದು ಗೇಣು' ಎಂದು ಬರೆದೆ,
ಎರಡನೆಯದರಲ್ಲಿ 'ಬೀಗದ ಕೈ.'
ಹದಿನೇಳು ಮೇಕೆಗೆ ಜಾಗ ಸಾಲಲಿಲ್ಲ,
ಅಂಚಿನಲ್ಲಿ, ಅಡ್ಡಡ್ಡ, ಕಾಗದ ತಿರುಗಿಸಿಕೊಂಡು.
ಅಂಕದ ಚೌಕ ಖಾಲಿ.
ಜಿಲ್ಲಾ ಕಛೇರಿಯಿಂದ ಫೋನು ಬರುತ್ತದೆ, ಬರಲಿ.

ಗೇಟಿನ ಹತ್ತಿರ ಮೌನಿಕ ಕೈಯೆತ್ತಿ
ನನ್ನ ಹೆಸರು ಹಿಡಿದು ಕರೆದಳು.
ನಾನೂ ಕೈಯೆತ್ತಿದೆ.
ಬೆರಳಿಗೆ
ಬೇರೇನೂ ಬರಲಿಲ್ಲ.