ಹಲ್ಲು

ಘಟಪ್ರಭೆಯ ಉಸುಕಿನ ಜರಡಿಯಲ್ಲಿ ಉಳಿದ
ಕರಿಗಲ್ಲಿನಂಥ ಹಲ್ಲೊಂದನ್ನು
ಮುಧೋಳದ ಲಾಡ್ಲೇಸಾಬ ನಾಲಬಂದ
ಉಗುಳು ಹಚ್ಚಿ ಅಂಗಿಗೆ ಉಜ್ಜಿ
ಸವೆದ ಗೆರೆಗಳ ಮೇಲೆ ಹೆಬ್ಬೆರಳಾಡಿಸಿದ:
"ಕುದುರೀದು. ಏಳು ವರ್ಷ ತುಂಬಿತ್ತು."

ಮೂವತ್ತು ಸಾವಿರ, ಅಂದೆ ನಾನು.
"ಅದು ಸತ್ತ ಮ್ಯಾಲಿನ ಲೆಕ್ಕ."

ಮಳೆ ಕೈಕೊಟ್ಟಿತೋ, ಹುಲ್ಲು ಬದಲಾಯಿತೋ,
ನಮ್ಮ ಹಿರಿಯರ ಕಲ್ಲಿನ ಮೊನೆಯೋ,
ಬಲ್ಲವರು ಇನ್ನೂ ಜಗಳಾಡುತ್ತಾರೆ.
ಅವನು ಕೇಳಿದ್ದು ಬೇರೆ:
"ಒಂದು ನಿಂತು ಕಾದರಷ್ಟ
ಉಳಿದವು ಮಲಗ್ತಾವ್ರಿ, ಕುದುರಿ ಜಾತಿ.
ಕಡೀದು ಹೆಂಗ ಮಲಗಿತ್ತು?"

ಈ ವರ್ಷ ಅವನ ಬಾಗಿಲಿಗೆ ಬಂದದ್ದು
ಮೂರೇ ಕುದುರೆ, ಮೂರೂ ಮದುವೆಯವು.
ಹೊಳೆಯಾಚೆ ಕಬ್ಬಿನ ಟ್ರ್ಯಾಕ್ಟರು
ಏರು ಹತ್ತಲಾರದೆ ಕೆನೆಯಿತು.

ಹಲ್ಲನ್ನು ಮರಳಿಸಲಿಲ್ಲ;
ಮೊಳೆಗಳ ಡಬ್ಬಿಯಲ್ಲಿ
ನಾಲುಗಳ ಜೋಡಿಗಿಟ್ಟ.
ಮುಚ್ಚಳ ಹಾಕಲಿಲ್ಲ.