ಕಾಲು ಮುಂದಾಗಿ

ರುಮಾನಾ, ನಿನ್ನ ಕತೆ ಓದಿದೆ,
ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಗಳಲ್ಲಿ,
ಕಪ್ಪೆಯ ಚಿತ್ರದ ಬೆನ್ನಿಗೆ.
ಅಂಗೈಯಲ್ಲಿ ಬೆಂಕಿ ಹುಟ್ಟಿಸುವ ಮನೆತನ,
ಏಳು ತಲೆ, ಒಂದೇ ರಕ್ತ.
ಎಂಟನೆಯವಳು ಪಂಕ್ಚರ್ ಅಂಗಡಿಯ ಹುಡುಗಿ;
ತಾನು ಯಾರ ಮಗಳೆಂದು ಗೊತ್ತಾದ ರಾತ್ರಿ
ಪೆನ್ಷನ್ ಮೊಹಲ್ಲಾದ ಬೀದಿದೀಪಗಳೆಲ್ಲ
ತಾವೇ ಹತ್ತಿಕೊಳ್ಳುತ್ತವೆ.

ಚೆನ್ನಾಗಿದೆ. ಆದರೆ ನಾನು ಬಯಾಲಜಿ ಮೇಡಂ,
ಕೆಂಪು ಪೆನ್ನು ಸುಮ್ಮನಿರುವುದಿಲ್ಲ.
ಚೌಕಾಬಾರದ ಹಾಗೆ ಮನೆ ಗೀಚಿ ಲೆಕ್ಕ ಹಾಕಿದೆ:
ಗುಣ ಪ್ರಬಲವಾದರೆ
ಅವಳಪ್ಪನ ಕೈ ಯಾಕೆ ಜೀವಮಾನವಿಡೀ ತಣ್ಣಗಿತ್ತು?
ದುರ್ಬಲವಾದರೆ ಅಪ್ಪನೊಬ್ಬ ಕೊಟ್ಟರೆ ಸಾಲದು,
ಅಮ್ಮನೂ ಕೊಡಬೇಕು.
ನಿನ್ನ ಕತೆಯ ಅಮ್ಮನಿಗೆ ಹೆಸರೇ ಇಲ್ಲ,
ಮೂರನೇ ಸಾಲಿಗೆ ಸತ್ತಳು.
ಹೊರಗಿನಿಂದ ಬಂದ ಅಷ್ಟೂ ಸೊಸೆಯರು
ಪಾತ್ರೆ ಪಗಡ ಬಿಟ್ಟು ಏನೂ ತರಲಿಲ್ಲವೇ?
ಬೆಂಕಿ ಬರದ ಅಣ್ಣಂದಿರು
ಯಾವ ಪಂಕ್ತಿಯಲ್ಲಿ ಕೂತು ಉಂಡರು?

ಇಷ್ಟು ಬರೆದು ಪೆನ್ನು ಮುಚ್ಚುವಾಗ
ನಮ್ಮಜ್ಜಿ ಈರಾಜಮ್ಮನ ಕಾಲು ನೆನಪಾಯಿತು.

ಸಂತೆಪೇಟೆಯಲ್ಲಿ ಆಲೂಗಡ್ಡೆ ಮೂಟೆ ಎತ್ತಿ
ಸೊಂಟ ಹಿಡಿದುಕೊಂಡ ಹಮಾಲಿಗಳು
ಬೆಳಗ್ಗೆಯೇ ಬಂದು ಜಗಲಿಯಲ್ಲಿ ಬೋರಲು ಮಲಗುತ್ತಿದ್ದರು.
ಅಜ್ಜಿ ಬಲಗಾಲ ಹೆಬ್ಬೆರಳಲ್ಲಿ ಮೂರು ಸಲ ನೀವಿ
ಹಿಮ್ಮಡಿಯಲ್ಲಿ ಒಂದೇ ಸಲ ಒದ್ದು
'ಏಳಪ್ಪ, ಗುಣಾಯ್ತು' ಅನ್ನುತ್ತಿದ್ದಳು.
ಏಳುತ್ತಿದ್ದರು.
ಕಾಸು ಮುಟ್ಟುತ್ತಿರಲಿಲ್ಲ:
'ಒದ್ದು ದುಡ್ಡು ಇಸ್ಕಂಡ್ರೆ ರೌಡಿ ಅಂತಾರೆ.'

ನನಗೂ ಬರುತ್ತಾ ಅಜ್ಜಿ?
'ನಿಂಗ್ಯಾಕ್ ಬತ್ತದೆ? ಎಲ್ಲಾರಂಗೆ ತಲೆ ಮುಂದಾಗಿ ಬಂದೋಳು ನೀನು.
ನಾನು ಕಾಲು ಮುಂದಾಗಿ ಬಂದೆ, ಅವ್ವನ ಅರ್ಧ ಜೀವ ತಗಂಡು.'

ರಕ್ತವಲ್ಲ, ವಂಶವಲ್ಲ,
ಬಾಗಿಲಲ್ಲಿ ತಪ್ಪಾಗಿ ತಿರುಗಿದ್ದಕ್ಕೆ ಸಿಕ್ಕಿದ್ದು,
ಯಾರ ಮನೆಯಲ್ಲಾದರೂ.
ಅದಕ್ಕೆ ಚೌಕ ಗೀಚಲು ನನಗೆ ಬರುವುದಿಲ್ಲ.

ನನ್ನ ಮಗಳೂ ಹಾಗೇ ಕೂತಿದ್ದಳು, ಕಾಲು ಕೆಳಗೆ ಮಾಡಿ.
ಸ್ಕ್ಯಾನ್ ನೋಡಿ ಡಾಕ್ಟರು ತಾರೀಕು ಬರೆದರು,
ಕೊಯ್ದು ಎತ್ತಿದರು.
ಮೊದಲು ಹೊರಬಂದದ್ದು ಕಾಲೋ ತಲೆಯೋ,
ಪರದೆ ಅಡ್ಡ ಇತ್ತು, ಕೇಳಲು ನಾಚಿಕೆಯಾಯಿತು.
ಈಗ ಅಂಥವರನ್ನೆಲ್ಲ ಹೀಗೇ ತೆಗೆಯುತ್ತಾರೆ.
ಯಾವ ಅವ್ವನೂ ಅರ್ಧ ಜೀವ ಕೊಡಬೇಕಿಲ್ಲ.
ಹಮಾಲಿಗಳಿಗೆ ಮುಲಾಮು ಇದೆ.
ನಷ್ಟ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮೊನ್ನೆ ನಿಮ್ಮ ರೆಕಾರ್ಡುಗಳ ಕಟ್ಟು ಎತ್ತುವಾಗ
ಸೊಂಟ ಹಿಡಿಯಿತು.
ಸ್ಟಾಫ್ ರೂಮಿನಲ್ಲಿ ಹೇಳಬೇಡ:
ಬಾಗಿಲು ಹಾಕಿ, ಚಾಪೆಯ ಮೇಲೆ ಬೋರಲು ಮಲಗಿ
ಒಂಬತ್ತು ವರ್ಷದವಳನ್ನು ಕರೆದೆ.
ಸಾಕ್ಸ್ ಕಳಚಿ ನಿಂತಳು.
ಬೆನ್ನ ಮೇಲೆ ತಣ್ಣನೆಯ ಪುಟ್ಟ ಹಿಮ್ಮಡಿ.
'ಜೋರಾಗಿ ಒದೀಲಾ, ಮೆಲ್ಲಗಾ?'
ಗೊತ್ತಿಲ್ಲ ಕಂದ, ಅಂದೆ.

ಕಪ್ಪೆಗೆ ಹತ್ತಕ್ಕೆ ಏಳು.
ಆ ಅಮ್ಮನಿಗೊಂದು ಹೆಸರಿಡು.